ಮುದ್ರಿತ ಕಥೆಯಿಂದ ರಂಗಪಠ್ಯಕ್ಕೆ: ಓಜ್ ಕಥೆಯ ಭಿನ್ನಪಾಠಗಳು ಮತ್ತು ‘ಮನೆ’ಯ ಅರ್ಥ

1

ಜನಪದ ಅಧ್ಯಯನದಲ್ಲಿ ‘ಮೂಲ’ ಎಂಬ ಪದವನ್ನು ಎಚ್ಚರಿಕೆಯಿಂದ ಬಳಸಬೇಕಾಗುತ್ತದೆ. ಒಂದು ಕಥೆಗೆ ಒಂದೇ ಶುದ್ಧಪಾಠವಿದೆ, ಉಳಿದವೆಲ್ಲ ಅದರಿಂದ ಕೆಟ್ಟು ಬಂದವು ಎಂಬ ನಂಬಿಕೆಯನ್ನು ಈ ಶಾಸ್ತ್ರವು ಬಹಳ ಹಿಂದೆಯೇ ಕೈಬಿಟ್ಟಿದೆ. ಕನ್ನಡದ ಜನಪದ ರಾಮಾಯಣವೊಂದರಲ್ಲಿ ರಾವುಳನೇ ಗರ್ಭ ಧರಿಸಿ, ಅವನು ಸೀನಿದಾಗ ಸೀತೆ ಹುಟ್ಟುತ್ತಾಳೆ. ‘ಸೀತ’ ಎಂಬ ಕ್ರಿಯಾಪದವೂ ‘ಸೀತೆ’ ಎಂಬ ಹೆಸರೂ ಅಲ್ಲಿ ಒಂದಾಗುತ್ತವೆ. ಎ. ಕೆ. ರಾಮಾನುಜನ್ ಅವರು ಮುನ್ನೂರು ರಾಮಾಯಣಗಳನ್ನು ಕುರಿತ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಈ ಕಥನವನ್ನು ವಾಲ್ಮೀಕಿ ಮತ್ತು ಕಂಬನ್ ಅವರ ಕಾವ್ಯಗಳ ಪಕ್ಕದಲ್ಲಿಯೇ ಇರಿಸಿ ಚರ್ಚಿಸಿದರು. ಯಾವ ಪಾಠವೂ ಇನ್ನೊಂದರ ನೆರಳಲ್ಲ, ಪ್ರತಿಯೊಂದೂ ತನ್ನನ್ನು ಹೇಳುವ ಮತ್ತು ಕೇಳುವ ಸಮುದಾಯದ ಅಗತ್ಯದಿಂದ ರೂಪುಗೊಂಡಿದೆ ಎಂಬುದು ಅವರ ಪ್ರತಿಪಾದನೆಯ ತಿರುಳು.

ಈ ತಿಳಿವಳಿಕೆಯನ್ನು ಮೌಖಿಕ ಪರಂಪರೆಯ ಕಥೆಗಳಿಗೆ ಅನ್ವಯಿಸುವುದು ಸುಲಭ. ಕರ್ತೃವಿನ ಹೆಸರು, ಪ್ರಕಟಣೆಯ ವರ್ಷ, ಪ್ರಕಾಶಕರ ಹಕ್ಕು ಎಲ್ಲವೂ ಖಚಿತವಾಗಿರುವ ಮುದ್ರಿತ ಕಥೆಗೆ ಇದನ್ನು ಅನ್ವಯಿಸಬಹುದೇ ಎಂಬುದು ಕಠಿಣವಾದ ಪ್ರಶ್ನೆ. ಮುದ್ರಣಗೊಂಡ ಕಥೆಗೆ ಮೂಲ ಯಾವುದೆಂಬುದು ಗೊತ್ತಿರುವುದರಿಂದ ಅದರ ರಂಗರೂಪವನ್ನು ‘ರೂಪಾಂತರ’ವೆಂದು ಕರೆದು ಎರಡನೆಯ ದರ್ಜೆಗೆ ಇಳಿಸುವುದು ವಾಡಿಕೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಪ್ರಕಟವಾದ ಓಜ್ ಎಂಬ ಅದ್ಭುತ ನಾಡಿನ ಮಕ್ಕಳ ಕಥೆ ಮತ್ತು ಅದರ ಸಂಗೀತ ನಾಟಕಗಳ ಇತಿಹಾಸವು ಈ ವಾಡಿಕೆಯನ್ನು ಮರುಪರಿಶೀಲಿಸಲು ಒಳ್ಳೆಯ ಆಧಾರವನ್ನು ಒದಗಿಸುತ್ತದೆ. ವಿಶೇಷವಾಗಿ 1975ರಲ್ಲಿ ನ್ಯೂಯಾರ್ಕ್ ನಗರದ ಬ್ರಾಡ್‌ವೇ ರಂಗಭೂಮಿಗೆ ಬಂದ, ಆಫ್ರಿಕನ್-ಅಮೆರಿಕನ್ ಕಲಾವಿದರೇ ಅಭಿನಯಿಸಿದ ‘ದ ವಿಜ್’ ನಾಟಕವು ಒಂದು ಸಮುದಾಯವು ಅನ್ಯರ ಕಥೆಯನ್ನು ತನ್ನದಾಗಿಸಿಕೊಳ್ಳುವ ಪ್ರಕ್ರಿಯೆಯನ್ನು ಸ್ಪಷ್ಟವಾಗಿ ತೋರಿಸುತ್ತದೆ. ಆ ಪ್ರಕ್ರಿಯೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಎಲ್. ಫ್ರಾಂಕ್ ಬಾಮ್ (1856–1919) ಅವರ ‘ದ ವಂಡರ್‌ಫುಲ್ ವಿಜರ್ಡ್ ಆಫ್ ಓಜ್’ 1900ರಲ್ಲಿ ಷಿಕಾಗೋ ನಗರದ ಜಾರ್ಜ್ ಎಂ. ಹಿಲ್ ಸಂಸ್ಥೆಯಿಂದ ಪ್ರಕಟವಾಯಿತು. ಡಬ್ಲ್ಯೂ. ಡಬ್ಲ್ಯೂ. ಡೆನ್ಸ್‌ಲೋ ಅವರ ವರ್ಣಚಿತ್ರಗಳು ಪುಸ್ತಕದ ಅವಿಭಾಜ್ಯ ಅಂಗವಾಗಿದ್ದವು. ಕಥೆ ಸರಳವಾದದ್ದು. ಕಾನ್ಸಸ್ ಬಯಲಿನ ಬೂದುಬಣ್ಣದ ಹೊಲಮನೆಯಲ್ಲಿ ಚಿಕ್ಕಮ್ಮ ಚಿಕ್ಕಪ್ಪಂದಿರೊಡನೆ ಬೆಳೆಯುತ್ತಿರುವ ಡೊರೊಥಿ ಎಂಬ ಅನಾಥ ಬಾಲಕಿಯನ್ನು ಸುಂಟರಗಾಳಿಯು ಮನೆಯ ಸಮೇತ ಎತ್ತಿ ಓಜ್ ನಾಡಿನಲ್ಲಿ ಇಳಿಸುತ್ತದೆ. ಮನೆಯ ಕೆಳಗೆ ಸಿಲುಕಿ ಪೂರ್ವದಿಕ್ಕಿನ ಮಾಟಗಾತಿ ಸಾಯುತ್ತಾಳೆ. ಅವಳ ಬೆಳ್ಳಿಯ ಪಾದರಕ್ಷೆಗಳನ್ನು ತೊಟ್ಟು, ಹಳದಿ ಇಟ್ಟಿಗೆಯ ಹಾದಿ ಹಿಡಿದು, ಊರಿಗೆ ಮರಳುವ ಉಪಾಯ ಕೇಳಲು ಡೊರೊಥಿ ಪಚ್ಚೆಯ ನಗರದ ಮಾಂತ್ರಿಕನ ಬಳಿಗೆ ಹೊರಡುತ್ತಾಳೆ. ಬುದ್ಧಿ ಬೇಕೆನ್ನುವ ಬೆದರುಬೊಂಬೆ, ಹೃದಯ ಬೇಕೆನ್ನುವ ತಗಡಿನ ಮನುಷ್ಯ, ಧೈರ್ಯ ಬೇಕೆನ್ನುವ ಪುಕ್ಕಲು ಸಿಂಹ ಹಾದಿಯಲ್ಲಿ ಜೊತೆಯಾಗುತ್ತಾರೆ. ಪಶ್ಚಿಮದ ಮಾಟಗಾತಿಯನ್ನು ಕೊಂದ ಬಳಿಕ ಮಾಂತ್ರಿಕನು ಕೇವಲ ಕಣ್ಕಟ್ಟಿನವನೆಂಬುದು ಬಯಲಾಗುತ್ತದೆ. ಕೊನೆಗೆ ತನ್ನ ಕಾಲಿನಲ್ಲಿಯೇ ಇದ್ದ ಪಾದರಕ್ಷೆಗಳ ಶಕ್ತಿಯಿಂದ ಬಾಲಕಿ ಮನೆ ಸೇರುತ್ತಾಳೆ.

ಬಾಮ್ ಅವರು ತಮ್ಮ ಮುನ್ನುಡಿಯಲ್ಲಿ ಗ್ರಿಮ್ ಮತ್ತು ಆಂಡರ್ಸನ್ ಅವರ ಕಥೆಗಳಿಗೆ ಗೌರವ ಸೂಚಿಸುತ್ತಲೇ, ಹಳೆಯ ಯಕ್ಷಿಣಿಕಥೆಗಳ ಭೀಕರ ಪ್ರಸಂಗಗಳನ್ನೂ ನೀತಿಬೋಧೆಯನ್ನೂ ಬಿಟ್ಟ ಆಧುನಿಕ ಅದ್ಭುತಕಥೆಯನ್ನು ಬರೆಯುವ ಉದ್ದೇಶವನ್ನು ಪ್ರಕಟಿಸಿದ್ದಾರೆ. ಆದರೆ ಕಥೆಯ ಹಂದರ ಹಳೆಯದೇ. ವ್ಲಾದಿಮಿರ್ ಪ್ರಾಪ್ 1928ರ ತಮ್ಮ ಗ್ರಂಥದಲ್ಲಿ ರಷ್ಯನ್ ಅದ್ಭುತಕಥೆಗಳಿಗೆ ಗುರುತಿಸಿದ ಅಗಲಿಕೆ, ದಾನಿಯ ಭೇಟಿ, ಮಾಂತ್ರಿಕ ವಸ್ತುವಿನ ಪ್ರಾಪ್ತಿ, ಕಠಿಣ ಕಾರ್ಯ, ಖಳನ ಸೋಲು, ಮರಳುವಿಕೆ ಮುಂತಾದ ಕ್ರಿಯೆಗಳು ಇಲ್ಲಿಯೂ ಕಾಣುತ್ತವೆ. ತಗಡಿನ ಮನುಷ್ಯನು ಇಲಿಗಳ ರಾಣಿಯ ಪ್ರಾಣ ಉಳಿಸುವುದು, ಮುಂದೆ ಆ ಇಲಿಗಳು ಗಸಗಸೆ ಹೊಲದಲ್ಲಿ ಮಲಗಿಬಿಟ್ಟ ಸಿಂಹವನ್ನು ಎಳೆದು ತರುವುದು ಸ್ಟಿತ್ ಥಾಂಪ್ಸನ್ ಅವರ ಆಶಯಸೂಚಿಯ ‘ಕೃತಜ್ಞ ಪ್ರಾಣಿಗಳು’ ಎಂಬ ಪ್ರಾಚೀನ ಆಶಯವೇ ಆಗಿದೆ. ಹೀಗಾಗಿ ಮುದ್ರಣದಲ್ಲಿ ಹುಟ್ಟಿದರೂ ಈ ಕಥೆಗೆ ಮೌಖಿಕ ಪರಂಪರೆಯ ಚಲನಶೀಲತೆ ಒಳಗಿನಿಂದಲೇ ಬಂದಿತ್ತು.

3

ಪುಸ್ತಕ ಪ್ರಕಟವಾದ ಎರಡೇ ವರ್ಷಗಳಲ್ಲಿ, 1902ರ ಜೂನ್ 16ರಂದು, ಷಿಕಾಗೋದ ಗ್ರ್ಯಾಂಡ್ ಆಪೆರಾ ಹೌಸಿನಲ್ಲಿ ಸಂಗೀತ ನಾಟಕವಾಗಿ ಇದು ರಂಗಕ್ಕೆ ಬಂದಿತು. ಬಾಮ್ ಅವರಿಗೆ ರಂಗಭೂಮಿ ಹೊಸದಾಗಿರಲಿಲ್ಲ. 1882ರಲ್ಲಿಯೇ ಅವರು ‘ದ ಮೇಡ್ ಆಫ್ ಅರಾನ್’ ಎಂಬ ನಾಟಕವನ್ನು ಬರೆದು, ತಾವೂ ಅಭಿನಯಿಸಿ ಊರೂರು ತಿರುಗಿದ್ದರು. ಓಜ್ ನಾಟಕಕ್ಕೆ ಪಾಲ್ ಟೀಟ್ಜೆನ್ಸ್ ಸಂಗೀತ ಒದಗಿಸಿದರು, ಡೆನ್ಸ್‌ಲೋ ಉಡುಪುಗಳನ್ನು ರೂಪಿಸಿದರು. ನಿರ್ದೇಶಕ ಜೂಲಿಯನ್ ಮಿಚೆಲ್ ಅವರಿಗೆ ಬಾಮ್ ಅವರ ಪಠ್ಯ ಒಪ್ಪಿಗೆಯಾಗಲಿಲ್ಲ. ವಯಸ್ಕ ಪ್ರೇಕ್ಷಕರನ್ನು ಗಮನದಲ್ಲಿಟ್ಟುಕೊಂಡು ಅದನ್ನು ಬಹುಮಟ್ಟಿಗೆ ತಿದ್ದಿಸಿದರು.

ತಿದ್ದುಪಡಿಗಳು ಸಣ್ಣವಾಗಿರಲಿಲ್ಲ. ಡೊರೊಥಿಯ ನಾಯಿ ಟೋಟೋ ಮಾಯವಾಗಿ ಅದರ ಸ್ಥಾನದಲ್ಲಿ ಇಮೋಜೆನ್ ಎಂಬ ಹಸು ಬಂದಿತು. ಬಾಲಕಿಯು ಪ್ರಾಯದ ಯುವತಿಯಾದಳು, ಅವಳಿಗೊಬ್ಬ ಕವಿ ಪ್ರಣಯಿ ದೊರೆತ. ಪಶ್ಚಿಮದ ಮಾಟಗಾತಿ ರಂಗದ ಮೇಲೆ ಕಾಣಿಸಿಕೊಳ್ಳಲೇ ಇಲ್ಲ. ರಾಜ್ಯಭ್ರಷ್ಟನಾದ ಪಾಸ್ಟೋರಿಯಾ ಎಂಬ ರಾಜನು ಸಿಂಹಾಸನಕ್ಕಾಗಿ ಮಾಂತ್ರಿಕನೊಡನೆ ಸೆಣಸುವುದು ಹೊಸ ಕಥಾನಕವಾಯಿತು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್, ತೈಲೋದ್ಯಮಿ ರಾಕ್‌ಫೆಲ್ಲರ್ ಮೊದಲಾದವರ ಮೇಲಿನ ಸಮಕಾಲೀನ ಹಾಸ್ಯವೂ ಸೇರಿಕೊಂಡಿತು. ಪ್ರದರ್ಶನದಿಂದ ಪ್ರದರ್ಶನಕ್ಕೆ ಹಾಡುಗಳು ಬದಲಾದವು, ನಗೆಮಾತುಗಳು ಹೊಸದಾದವು. ಯಕ್ಷಗಾನ ಬಯಲಾಟಗಳ ಹಾಸ್ಯಗಾರನು ಅಂದಿನ ಊರಿನ ಸುದ್ದಿಯನ್ನು ಪ್ರಸಂಗದೊಳಗೆ ಎಳೆದು ತರುವ ಬಗೆಯನ್ನು ಬಲ್ಲವರಿಗೆ ಈ ನಮ್ಯತೆ ಅಪರಿಚಿತವೆನಿಸದು. 1903ರ ಜನವರಿಯಲ್ಲಿ ನಾಟಕವು ನ್ಯೂಯಾರ್ಕಿನ ಮೆಜೆಸ್ಟಿಕ್ ರಂಗಮಂದಿರಕ್ಕೆ ಬಂದು 290ಕ್ಕೂ ಹೆಚ್ಚು ಪ್ರದರ್ಶನಗಳನ್ನು ಕಂಡಿತು.

ನಾಟಕದ ಯಶಸ್ಸಿಗೆ ಮುಖ್ಯ ಕಾರಣರಾದವರು ತಗಡಿನ ಮನುಷ್ಯ ಮತ್ತು ಬೆದರುಬೊಂಬೆಯ ಪಾತ್ರಗಳನ್ನು ವಹಿಸಿದ ಡೇವಿಡ್ ಮಾಂಟ್‌ಗೊಮೆರಿ ಹಾಗೂ ಫ್ರೆಡ್ ಸ್ಟೋನ್. ಇವರಿಬ್ಬರೂ ಮಿನ್‌ಸ್ಟ್ರೆಲ್ ಮೇಳಗಳ ಹಿನ್ನೆಲೆಯಿಂದ ಬಂದ ನಟರು. ಬಿಳಿಯ ಕಲಾವಿದರು ಮುಖಕ್ಕೆ ಕಪ್ಪು ಬಳಿದುಕೊಂಡು ಆಫ್ರಿಕನ್-ಅಮೆರಿಕನ್ನರ ನಡೆನುಡಿ, ಹಾಡು, ಕುಣಿತಗಳನ್ನು ಅಣಕಿಸುತ್ತಿದ್ದ ಮೇಳಗಳವು. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಅವು ಅತ್ಯಂತ ಜನಪ್ರಿಯ ಮನರಂಜನೆಯಾಗಿದ್ದವು. ಅಲ್ಲಿ ರೂಢಿಸಿಕೊಂಡ ಮೂಳೆಯಿಲ್ಲದವನಂತೆ ಬಳುಕುವ, ಬಿದ್ದೇಳುವ ಆಂಗಿಕವೇ ಸ್ಟೋನ್ ಅವರ ಬೆದರುಬೊಂಬೆಗೆ ಜೀವ ಕೊಟ್ಟಿತೆಂದು ಇತ್ತೀಚಿನ ವಿದ್ವಾಂಸರು ಗುರುತಿಸಿದ್ದಾರೆ. ಎಂದರೆ, ಓಜ್ ಕಥೆ ಮೊದಲ ಬಾರಿ ರಂಗವನ್ನೇರಿದಾಗ ಕಪ್ಪು ಜನರ ದೇಹಭಾಷೆ ಅಲ್ಲಿತ್ತು, ಆದರೆ ಕಪ್ಪು ಜನರು ಅಲ್ಲಿರಲಿಲ್ಲ. ಮುಂದಿನ ಚರ್ಚೆಗೆ ಈ ಅಂಶವು ಅತ್ಯಂತ ಮಹತ್ವದ್ದಾಗಿದೆ.

4

1902ರ ರಂಗರೂಪವು ತನ್ನ ಕಾಲದ ಮನರಂಜನೆಯಾಗಿ ಮುಗಿದುಹೋಗಲಿಲ್ಲ. ಅದರ ಅಂಶಗಳು ಕಥೆಯ ಪರಂಪರೆಯೊಳಗೆ ಇಳಿದವು. ಇದಕ್ಕೆ ಮೂರು ನಿದರ್ಶನಗಳನ್ನು ಗಮನಿಸಬಹುದು.

ಮೊದಲನೆಯದು, ಡೊರೊಥಿಯ ಕುಲನಾಮ. 1900ರ ಪುಸ್ತಕದಲ್ಲಿ ಅವಳಿಗೆ ಕುಲನಾಮವಿಲ್ಲ. ‘ಗೇಲ್’ ಎಂಬ ಹೆಸರು ರಂಗದ ಮೇಲೆ ಹುಟ್ಟಿ, 1907ರ ‘ಓಜ್ಮಾ ಆಫ್ ಓಜ್’ ಕೃತಿಯಲ್ಲಿ ಮುದ್ರಣವನ್ನು ಸೇರಿತು. ಎರಡನೆಯದು, ರಾಜ ಪಾಸ್ಟೋರಿಯಾ. ನಾಟಕದ ಈ ಪಾತ್ರವು 1904ರ ‘ದ ಮಾರ್ವೆಲಸ್ ಲ್ಯಾಂಡ್ ಆಫ್ ಓಜ್’ ಕೃತಿಯಲ್ಲಿ ರಾಜಕುಮಾರಿ ಓಜ್ಮಾಳ ತಂದೆಯಾಗಿ ಮರಳಿತು. ಬಾಮ್ ಅವರು ಆ ಪುಸ್ತಕವನ್ನು ಮಾಂಟ್‌ಗೊಮೆರಿ ಮತ್ತು ಸ್ಟೋನ್ ಅವರಿಗೇ ಅರ್ಪಿಸಿದರು. ಮೂರನೆಯದು, ಗಸಗಸೆ ಹೊಲದ ಪ್ರಸಂಗ. ಪುಸ್ತಕದಲ್ಲಿ ಸಿಂಹವನ್ನು ಉಳಿಸುವವು ಇಲಿಗಳು. ರಂಗದ ಮೇಲೆ ಸಾವಿರಾರು ಇಲಿಗಳನ್ನು ತರುವುದು ಅಸಾಧ್ಯವಾದ್ದರಿಂದ ಉತ್ತರದ ಒಳ್ಳೆಯ ಮಾಟಗಾತಿ ಹಿಮ ಸುರಿಸಿ, ಹೂಗಳ ವೇಷದ ನರ್ತಕಿಯರನ್ನು ಮುದುಡಿಸುವ ದೃಶ್ಯವನ್ನು ಹೆಣೆಯಲಾಯಿತು. 1939ರಲ್ಲಿ ಎಂಜಿಎಂ ಸಂಸ್ಥೆ ತೆಗೆದ ಚಲನಚಿತ್ರವು ಈ ಹಿಮವನ್ನೇ ಉಳಿಸಿಕೊಂಡಿತು. ಇಂದು ಓಜ್ ಕಥೆಯನ್ನು ನೆನಪಿನಿಂದ ಹೇಳುವ ಬಹುಮಂದಿಗೆ ಇಲಿಗಳ ನೆನಪಿರುವುದಿಲ್ಲ, ಹಿಮದ ನೆನಪಿರುತ್ತದೆ.

ಪಾದರಕ್ಷೆಗಳ ಚರಿತ್ರೆಯೂ ಇದೇ ಬಗೆಯದು. ಪುಸ್ತಕದ ಬೆಳ್ಳಿಯ ಪಾದರಕ್ಷೆಗಳು 1939ರ ಚಿತ್ರದಲ್ಲಿ ವರ್ಣಪರದೆಯ ಮೇಲೆ ಎದ್ದು ಕಾಣಲೆಂದು ಮಾಣಿಕ್ಯದ ಕೆಂಪಿಗೆ ತಿರುಗಿದವು. 1975ರ ನಾಟಕದಲ್ಲಿ ಅವು ಮತ್ತೆ ಬೆಳ್ಳಿಯವಾದವು. ಒಂದು ಪಾಠವು ತನಗೆ ಬೇಕಾದುದನ್ನು ಹಿಂದಿನ ಪಾಠದಿಂದ ತೆಗೆದುಕೊಳ್ಳುವುದು, ಬೇಡವಾದುದನ್ನು ಬಿಟ್ಟು ಅದಕ್ಕೂ ಹಿಂದಿನ ಪಾಠಕ್ಕೆ ಹೋಗುವುದು ಮೌಖಿಕ ಕಥನಕಾರರ ಕ್ರಮ. ರಂಗಭೂಮಿಯ ಅಗತ್ಯಗಳು ಓಜ್ ಕಥೆಯನ್ನು ಕರ್ತೃವಿನ ಕೈಯಿಂದ ಬಿಡಿಸಿ, ಕರ್ತೃವನ್ನೂ ಹಲವು ಕಥನಕಾರರಲ್ಲಿ ಒಬ್ಬನನ್ನಾಗಿಸಿದವು. 1956ರಲ್ಲಿ ಪುಸ್ತಕದ ಹಕ್ಕುಸ್ವಾಮ್ಯದ ಅವಧಿ ಮುಗಿದಾಗ ಕಾನೂನೂ ಈ ವಾಸ್ತವವನ್ನು ಒಪ್ಪಿಕೊಂಡಂತಾಯಿತು.

5

ಆಫ್ರಿಕನ್-ಅಮೆರಿಕನ್ ಕಲಾವಿದರಿಂದಲೇ ಓಜ್ ಕಥೆಯನ್ನು ರಂಗಕ್ಕೆ ತರುವ ಯೋಜನೆ ರೇಡಿಯೋ ಕ್ಷೇತ್ರದಲ್ಲಿ ದುಡಿದಿದ್ದ ಕೆನ್ ಹಾರ್ಪರ್ ಅವರದು. ಕಾಲವೂ ಇದಕ್ಕೆ ಪಕ್ವವಾಗಿತ್ತು. 1964ರ ನಾಗರಿಕ ಹಕ್ಕುಗಳ ಕಾಯಿದೆ, 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆ, ಕಪ್ಪು ಜನರ ಕಲಾ ಚಳವಳಿ ಇವುಗಳ ಹಿನ್ನೆಲೆಯಲ್ಲಿ ಆ ಸಮುದಾಯವು ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವ ಹಂಬಲದಲ್ಲಿತ್ತು. 1970ರ ‘ಪರ್ಲೀ’, 1973ರ ‘ರೈಸಿನ್’ ಎಂಬ ಸಂಗೀತ ನಾಟಕಗಳು ಬ್ರಾಡ್‌ವೇಯಲ್ಲಿ ಹಾದಿ ತೆರೆದಿದ್ದವು. ‘ದ ವಿಜ್’ ನಾಟಕಕ್ಕೆ ವಿಲಿಯಂ ಎಫ್. ಬ್ರೌನ್ ಪಠ್ಯ ರಚಿಸಿದರು, ಚಾರ್ಲಿ ಸ್ಮಾಲ್ಸ್ ಹಾಡು ಮತ್ತು ಸಂಗೀತ ಒದಗಿಸಿದರು, ಜಾರ್ಜ್ ಫೈಸನ್ ನೃತ್ಯ ಸಂಯೋಜಿಸಿದರು. 1974ರ ಅಕ್ಟೋಬರ್‌ನಲ್ಲಿ ಬಾಲ್ಟಿಮೋರ್ ನಗರದಲ್ಲಿ ಆರಂಭವಾದ ಪೂರ್ವಪ್ರದರ್ಶನಗಳು ತೃಪ್ತಿಕರವಾಗಿರಲಿಲ್ಲ. ನಿರ್ದೇಶನದ ಹೊಣೆಯು ಉಡುಪು ವಿನ್ಯಾಸಕ್ಕೆಂದು ಬಂದಿದ್ದ ಜೆಫ್ರಿ ಹೋಲ್ಡರ್ (1930–2014) ಅವರ ಕೈಸೇರಿತು.

1975ರ ಜನವರಿ 5ರಂದು ನಾಟಕ ಬ್ರಾಡ್‌ವೇಗೆ ಬಂದಿತು. ಪ್ರಮುಖ ಪತ್ರಿಕೆಯ ವಿಮರ್ಶೆ ಉತ್ಸಾಹದಾಯಕವಾಗಿರಲಿಲ್ಲ. ಮುಂಗಡ ಟಿಕೆಟ್ ಮಾರಾಟವೂ ಕಡಿಮೆಯಿದ್ದುದರಿಂದ ಉದ್ಘಾಟನೆಯ ರಾತ್ರಿಯೇ ನಾಟಕವನ್ನು ನಿಲ್ಲಿಸುವ ಸೂಚನಾಪತ್ರವನ್ನು ಹಚ್ಚಲಾಯಿತು. ಆದರೆ ಹಣ ಹೂಡಿದ್ದ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆ ದೂರದರ್ಶನ ಜಾಹೀರಾತಿಗೆ ಇನ್ನಷ್ಟು ಹಣ ಒದಗಿಸಿತು. ಅದಕ್ಕಿಂತ ಮುಖ್ಯವಾಗಿ, ಅದುವರೆಗೆ ಬ್ರಾಡ್‌ವೇಯ ಕಡೆಗೆ ಮುಖ ಮಾಡದಿದ್ದ ಆಫ್ರಿಕನ್-ಅಮೆರಿಕನ್ ಕುಟುಂಬಗಳು ಮಕ್ಕಳೊಂದಿಗೆ, ನೆರೆಹೊರೆಯವರೊಂದಿಗೆ, ಚರ್ಚಿನ ಬಳಗಗಳೊಂದಿಗೆ ಬರತೊಡಗಿದವು. ಒಬ್ಬರ ಬಾಯಿಂದ ಒಬ್ಬರ ಕಿವಿಗೆ ಸುದ್ದಿ ಹಬ್ಬಿತು. ಅದೇ ವರ್ಷ ನಾಟಕವು ಶ್ರೇಷ್ಠ ಸಂಗೀತ ನಾಟಕ ಪ್ರಶಸ್ತಿಯೂ ಸೇರಿದಂತೆ 7 ಟೋನಿ ಪ್ರಶಸ್ತಿಗಳನ್ನು ಪಡೆಯಿತು. ನಿರ್ದೇಶನ ಮತ್ತು ಉಡುಪು ವಿನ್ಯಾಸ ಎರಡಕ್ಕೂ ಹೋಲ್ಡರ್ ಅವರಿಗೆ, ನೃತ್ಯ ಸಂಯೋಜನೆಗೆ ಫೈಸನ್ ಅವರಿಗೆ, ಸಂಗೀತಕ್ಕೆ ಸ್ಮಾಲ್ಸ್ ಅವರಿಗೆ ಪ್ರಶಸ್ತಿ ಸಂದಿತು. 1979ರ ಜನವರಿಯಲ್ಲಿ ತೆರೆ ಬೀಳುವ ಹೊತ್ತಿಗೆ 1,672 ಪ್ರದರ್ಶನಗಳಾಗಿದ್ದವು. ಮೊದಲ ರಾತ್ರಿ ಮುಗಿಯಬೇಕಿದ್ದ ನಾಟಕವನ್ನು ನಾಲ್ಕು ವರ್ಷ ನಡೆಸಿದ ಶಕ್ತಿಗಳಲ್ಲಿ ಪ್ರೇಕ್ಷಕ ಸಮುದಾಯಕ್ಕೆ ಮೊದಲ ಸ್ಥಾನ ಸಲ್ಲಬೇಕು.

6

ಪ್ರದರ್ಶನದ ವಿವರಗಳಲ್ಲಿ ಸಮುದಾಯದ ಪರಂಪರೆ ಹೇಗೆ ಕೆಲಸ ಮಾಡಿದೆ ಎಂಬುದನ್ನು ಈಗ ನೋಡಬಹುದು. ಹೋಲ್ಡರ್ ಅವರು ಟ್ರಿನಿಡಾಡ್ ದ್ವೀಪದ ಪೋರ್ಟ್ ಆಫ್ ಸ್ಪೇನ್ ನಗರದಲ್ಲಿ ಹುಟ್ಟಿದವರು, ನರ್ತಕ, ಚಿತ್ರಕಾರ. ಬೀದಿಯೇ ರಂಗವಾಗುವ, ವೇಷ ತೊಟ್ಟ ಮನುಷ್ಯನೇ ಹಕ್ಕಿಯೋ ಬೆಂಕಿಯೋ ಆಗುವ ಕಾರ್ನಿವಲ್ ಹಬ್ಬದ ನಾಡದು. ಅವರ ರಂಗದಲ್ಲಿ ಸುಂಟರಗಾಳಿಗೆ ಯಂತ್ರವಿರಲಿಲ್ಲ. ನರ್ತಕಿಯೊಬ್ಬಳ ತಲೆಯಿಂದ ಹೊರಟ ಬಹು ಉದ್ದನೆಯ ಕಪ್ಪು ಬಟ್ಟೆಯು ಅವಳ ಕುಣಿತದೊಂದಿಗೆ ಬಿಚ್ಚಿಕೊಳ್ಳುತ್ತಾ ರಂಗವನ್ನೆಲ್ಲ ಆವರಿಸುತ್ತಿತ್ತು. ಹಳದಿ ಇಟ್ಟಿಗೆಯ ಹಾದಿಯೂ ನೆಲಕ್ಕೆ ಬಳಿದ ಬಣ್ಣವಾಗಿರಲಿಲ್ಲ. ನಾಲ್ವರು ನರ್ತಕರೇ ಹಾದಿಯಾಗಿ ಡೊರೊಥಿಯ ಜೊತೆಗೆ ನಡೆಯುತ್ತಿದ್ದರು. ಹಾದಿಯು ಪ್ರಯಾಣಿಕರನ್ನು ಬಿಟ್ಟು ಬೇರೆಯಾಗಿ ಇರುವುದಿಲ್ಲ, ಜೊತೆಗಾರರೇ ಹಾದಿ ಎಂಬ ಅರ್ಥ ಇಲ್ಲಿ ಮೂಡುತ್ತದೆ. ತೆರೆಯೊಂದನ್ನು ಇಬ್ಬರು ಹಿಡಿದರೆ ಅರಮನೆಯೂ ಕಾಡೂ ಆಗಬಲ್ಲ ಕನ್ನಡದ ಬಯಲಾಟಗಳನ್ನು ಬಲ್ಲವರು ಈ ತಂತ್ರವನ್ನು ಸುಲಭವಾಗಿ ಗುರುತಿಸುತ್ತಾರೆ. ವಸ್ತುವನ್ನು ದೇಹದಿಂದ ಕಟ್ಟುವುದು ಜನಪದ ರಂಗಭೂಮಿಯ ಸಾಮಾನ್ಯ ಲಕ್ಷಣ.

ಸಂಗೀತದಲ್ಲಿ ಗಾಸ್ಪೆಲ್, ಬ್ಲೂಸ್, ಸೋಲ್, ರಿದಮ್ ಅಂಡ್ ಬ್ಲೂಸ್ ಧಾಟಿಗಳು ಒಂದರ ಪಕ್ಕ ಒಂದು ಬರುತ್ತವೆ. ಒಬ್ಬರು ಎತ್ತಿಕೊಂಡ ಸೊಲ್ಲಿಗೆ ಗುಂಪು ಉತ್ತರ ಕೊಡುವ ಪದ್ಧತಿಯು ಹೊಲದ ದುಡಿಮೆಯ ಹಾಡುಗಳಿಂದ ಚರ್ಚಿಗೂ, ಚರ್ಚಿನಿಂದ ರಂಗಕ್ಕೂ ಹರಿದು ಬಂದದ್ದು. ಕರ್ನಾಟಕದಲ್ಲಿ ಸೋಬಾನೆಯಲ್ಲಿಯೂ ನೀಲಗಾರರ ಮೇಳದಲ್ಲಿಯೂ ಸೊಲ್ಲು ಎತ್ತಿಕೊಡುವವರು ಮತ್ತು ಹಿಮ್ಮೇಳದವರ ನಡುವೆ ಇರುವ ಸಂಬಂಧವೇ ಇದು. ಮಾತಿನಲ್ಲಿ ಬೀದಿಯ ಚುರುಕು ಆಡುನುಡಿ ಬಂದಿತು. ‘ವಿಜರ್ಡ್’ ಎಂಬ ಗಂಭೀರ ಪದವನ್ನು ‘ವಿಜ್’ ಎಂದು ತುಂಡರಿಸಿದ ಶೀರ್ಷಿಕೆಯಲ್ಲಿಯೇ ಆ ಸಲಿಗೆಯಿದೆ. ಪಶ್ಚಿಮದ ಮಾಟಗಾತಿ ಎವಿಲೀನ್ ಕರಗಿಹೋದಾಗ ಅವಳ ಆಳುಗಳಾಗಿದ್ದ ವಿಂಕಿಗಳು ಬಿಡುಗಡೆಯ ಹಾಡಿನೊಂದಿಗೆ ಕುಣಿಯುತ್ತಾರೆ. ಆ ಹಾಡನ್ನು ರಚಿಸಿದವರು ಆಗ ಇನ್ನೂ ಪ್ರಸಿದ್ಧರಾಗಿರದ ಲೂಥರ್ ವ್ಯಾಂಡ್ರಾಸ್. ಬಾಮ್ ಅವರ ಪುಸ್ತಕದಲ್ಲಿಯೂ ವಿಂಕಿಗಳು ದಾಸ್ಯದಿಂದ ಬಿಡುಗಡೆ ಹೊಂದಿ ಹಬ್ಬ ಮಾಡುತ್ತಾರೆ. ಅಲ್ಲಿ ಅದು ಕಥೆಯ ಒಂದು ತಿರುವು ಮಾತ್ರ. ಗುಲಾಮಗಿರಿಯ ಇತಿಹಾಸವನ್ನು ಅಜ್ಜ ಅಜ್ಜಿಯರ ಬಾಯಿಂದ ಕೇಳಿ ಬೆಳೆದ ಪ್ರೇಕ್ಷಕರ ಮುಂದೆ ಅದೇ ಪ್ರಸಂಗವು ಕಥೆಯ ಕೇಂದ್ರವಾಗುತ್ತದೆ. ಕಥಾನಕ ಬದಲಾಗದೆಯೂ ಅರ್ಥ ಬದಲಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

1903ರಲ್ಲಿ ಮಿನ್‌ಸ್ಟ್ರೆಲ್ ಮೇಳದ ಆಂಗಿಕವನ್ನು ಹೊತ್ತಿದ್ದ ಬೆದರುಬೊಂಬೆಯ ಪಾತ್ರವನ್ನು ಈಗ ಹಿಂಟನ್ ಬ್ಯಾಟ್ಲ್ ಎಂಬ ಕಪ್ಪು ನರ್ತಕ ವಹಿಸಿದ್ದರು. ಕದ್ದುಹೋದ ಕುಣಿತವು ಎಪ್ಪತ್ತೆರಡು ವರ್ಷಗಳ ನಂತರ ಅದರ ಒಡೆಯರಿಗೆ ಮರಳಿದಂತೆ ಇದನ್ನು ಓದಲು ಅವಕಾಶವಿದೆ.

7

ಓಜ್ ಕಥೆಯ ಕೇಂದ್ರ ಆಶಯ ಮನೆಗೆ ಮರಳುವುದು. ಪುಸ್ತಕದಲ್ಲಿ ಬೆದರುಬೊಂಬೆಯು ಇಷ್ಟು ಚಂದದ ನಾಡನ್ನು ಬಿಟ್ಟು ಬೂದುಬಣ್ಣದ ಕಾನ್ಸಸ್‌ಗೆ ಏಕೆ ಹೋಗಬಯಸುವೆ ಎಂದು ಕೇಳುತ್ತದೆ. ರಕ್ತಮಾಂಸದ ಮನುಷ್ಯರಿಗೆ ಎಷ್ಟೇ ಮಂಕಾಗಿದ್ದರೂ ತಮ್ಮ ಮನೆಯೇ ಮೇಲು ಎಂಬ ಆಶಯದ ಉತ್ತರವನ್ನು ಡೊರೊಥಿ ಕೊಡುತ್ತಾಳೆ. ಈ ಉತ್ತರದ ಹಿಂದೆ ಮನೆ ಎಂಬುದು ಪ್ರಶ್ನಾತೀತವಾಗಿ ತನ್ನದು ಎಂಬ ಭರವಸೆಯಿದೆ. ಆ ಭರವಸೆ ಎಲ್ಲರಿಗೂ ಸಮಾನವಾಗಿ ದೊರೆತದ್ದಲ್ಲ. ಸ್ವತಃ ಬಾಮ್ ಅವರು 1890–91ರಲ್ಲಿ ದಕ್ಷಿಣ ಡಕೋಟಾದ ಅಬರ್ಡೀನ್ ಪಟ್ಟಣದಲ್ಲಿ ನಡೆಸುತ್ತಿದ್ದ ಪತ್ರಿಕೆಯಲ್ಲಿ, ಆ ನೆಲದ ಮೂಲನಿವಾಸಿಗಳನ್ನು ನಿರ್ಮೂಲ ಮಾಡಬೇಕೆಂಬ ಸಂಪಾದಕೀಯಗಳನ್ನು ಬರೆದಿದ್ದರು. 2006ರಲ್ಲಿ ಅವರ ವಂಶಜರು ಇದಕ್ಕಾಗಿ ಕ್ಷಮೆ ಯಾಚಿಸಿದರು. ಮನೆಯ ಹಂಬಲವನ್ನು ಅಷ್ಟು ಆರ್ದ್ರವಾಗಿ ಬರೆದ ಲೇಖನಿಯೇ ಇನ್ನೊಬ್ಬರ ಮನೆಯನ್ನು ಅಳಿಸಬಯಸಿತ್ತೆಂಬುದು ಮರೆಯಬಾರದ ಸಂಗತಿ.

ಆಫ್ರಿಕನ್-ಅಮೆರಿಕನ್ ಮೌಖಿಕ ಪರಂಪರೆಯಲ್ಲಿ ‘ಮನೆ’ ಬೇರೆಯೇ ಭಾರವನ್ನು ಹೊತ್ತ ಪದ. ಮೊದಲ ಮನೆಯಾದ ಆಫ್ರಿಕದಿಂದ ಬಲಾತ್ಕಾರವಾಗಿ ಕಿತ್ತು ತಂದವರು, ಎರಡನೆಯ ನೆಲದಲ್ಲಿ ತಮ್ಮ ಮಕ್ಕಳ ಮೇಲೂ ಹಕ್ಕಿಲ್ಲದೆ ಬದುಕಿದವರು ಕಟ್ಟಿದ ಭಕ್ತಿಗೀತೆಗಳಲ್ಲಿ ಮನೆಗೆ ಹೋಗುವುದೆಂದರೆ ಪರಲೋಕವೂ ಹೌದು, ಬಿಡುಗಡೆಯ ನೆಲವೂ ಹೌದು. ತಾವು ಹಾಡುತ್ತಿದ್ದ ಹಾಡುಗಳಲ್ಲಿ ಕಾನಾನ್ ಎಂದರೆ ಉತ್ತರದ ಸ್ವತಂತ್ರ ರಾಜ್ಯಗಳೆಂಬ ಅರ್ಥವೂ ಇತ್ತೆಂದು ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ ಅವರು 1855ರ ತಮ್ಮ ಆತ್ಮಚರಿತ್ರೆಯಲ್ಲಿ ದಾಖಲಿಸಿದ್ದಾರೆ. ಹಾರುವ ಶಕ್ತಿಯಿದ್ದ ಪೂರ್ವಿಕರು ಹೊಲದಿಂದ ಮೇಲೆದ್ದು ಆಫ್ರಿಕಕ್ಕೆ ಮರಳಿದರೆಂಬ ಐತಿಹ್ಯಗಳೂ ಜಾರ್ಜಿಯಾ ಕರಾವಳಿಯಲ್ಲಿ ಸಂಗ್ರಹವಾಗಿವೆ. 1910ರಿಂದ 1970ರವರೆಗೆ ಸುಮಾರು 60 ಲಕ್ಷ ಆಫ್ರಿಕನ್-ಅಮೆರಿಕನ್ನರು ದಕ್ಷಿಣದ ಹಳ್ಳಿಗಳನ್ನು ಬಿಟ್ಟು ಉತ್ತರ ಮತ್ತು ಪಶ್ಚಿಮದ ನಗರಗಳಿಗೆ ವಲಸೆ ಹೋದರು. 1975ರಲ್ಲಿ ನ್ಯೂಯಾರ್ಕಿನ ಆ ರಂಗಮಂದಿರಕ್ಕೆ ಬಂದವರಲ್ಲಿ ಹಲವರು ಈ ವಲಸಿಗರು ಅಥವಾ ಅವರ ಮಕ್ಕಳು.

ಕಾನ್ಸಸ್ ಎಂಬ ಸ್ಥಳನಾಮವೂ ಇಲ್ಲಿ ಅರ್ಥಪೂರ್ಣವಾಗಿದೆ. ಅಂತರ್ಯುದ್ಧಾನಂತರ ದಕ್ಷಿಣದಲ್ಲಿ ಹಿಂಸೆ ಹೆಚ್ಚಿದಾಗ, 1879ರಲ್ಲಿ ಸಾವಿರಾರು ಮಾಜಿ ಗುಲಾಮರ ಕುಟುಂಬಗಳು ಸ್ವಂತ ಭೂಮಿಯ ಆಸೆಯಿಂದ ಹೊರಟದ್ದು ಕಾನ್ಸಸ್ ಕಡೆಗೆ. ಅದಕ್ಕೂ ಎರಡು ವರ್ಷ ಮೊದಲು, 1877ರಲ್ಲಿ, ಅಲ್ಲಿ ನಿಕೋಡೆಮಸ್ ಎಂಬ ಕಪ್ಪು ಜನರ ಊರು ಸ್ಥಾಪನೆಯಾಗಿತ್ತು. ಹೀಗಾಗಿ ಕಾನ್ಸಸ್ ಹೊಲಮನೆಯ ಕಪ್ಪು ಬಾಲಕಿ ಎಂಬುದು ಇತಿಹಾಸಕ್ಕೆ ಹೊರತಾದ ಕಲ್ಪನೆಯಲ್ಲ. ನಾಟಕಕಾರರು ಇದನ್ನು ಉದ್ದೇಶಿಸಿರಲಿ ಬಿಡಲಿ, ಕಥೆಯು ತನ್ನ ನೆಲೆಯನ್ನು ತಾನೇ ಕಂಡುಕೊಂಡಿದೆ.

ಡೊರೊಥಿಯ ಪಾತ್ರ ವಹಿಸಿದ 17 ವರ್ಷದ ಸ್ಟೆಫನಿ ಮಿಲ್ಸ್ ನಾಟಕದ ಕೊನೆಗೆ ಹಾಡುತ್ತಿದ್ದ ‘ಹೋಮ್’ ಎಂಬ ಗೀತೆ ಪ್ರಸಿದ್ಧವಾಯಿತು. ಹೊರಟ ಜಾಗಕ್ಕೆ ಮರಳುವ ಸಂತೋಷದ ಜೊತೆಗೆ, ಪ್ರೀತಿಯಿರುವ ನೆಲೆಯನ್ನು ತಾನೇ ತನ್ನೊಳಗೆ ಕಟ್ಟಿಕೊಳ್ಳಬೇಕೆಂಬ ಅರಿವನ್ನು ಅದು ನುಡಿಯುತ್ತದೆ. ಮನೆಯನ್ನು ಇತಿಹಾಸ ಕಿತ್ತುಕೊಂಡಾಗ ಉಳಿಯುವ ಮನೆ ಯಾವುದೆಂಬ ಪ್ರಶ್ನೆಗೆ ಈ ಪಾಠ ಕೊಡುವ ಉತ್ತರವಿದು.

8

ಈ ವ್ಯಾಖ್ಯಾನಕ್ಕೆ ಆಕ್ಷೇಪಗಳಿರುವುದು ಸಹಜ. ನಾಟಕದ ಪಠ್ಯವನ್ನು ಬರೆದ ಬ್ರೌನ್ ಬಿಳಿಯರು. ಬಂಡವಾಳ ಹೂಡಿದ್ದು ದೊಡ್ಡ ಚಲನಚಿತ್ರ ಸಂಸ್ಥೆ. ಟಿಕೆಟ್ ಮಾರಿ ನಡೆಯುವ ವಾಣಿಜ್ಯ ರಂಗಭೂಮಿಯ ಸರಕನ್ನು ಸಮುದಾಯದ ಪಾಠವೆಂದು ಕರೆಯಬಹುದೇ? ಮಾರುಕಟ್ಟೆಗಾಗಿ ತಯಾರಾದ ಇಂಥ ರಚನೆಗಳನ್ನು ರಿಚರ್ಡ್ ಡಾರ್ಸನ್ 1950ರಲ್ಲಿಯೇ ಹುಸಿ ಜಾನಪದವೆಂದು ಕರೆದು ಶಾಸ್ತ್ರದ ಹೊರಗಿಟ್ಟಿದ್ದರು. ಈ ಎಚ್ಚರಿಕೆ ಅನಗತ್ಯವಾದುದಲ್ಲ. ಆದರೆ ಸಾಮಾನ್ಯವಾದ ಒಂದಾದರೂ ಅಂಶವನ್ನು ಹಂಚಿಕೊಂಡ ಯಾವುದೇ ಗುಂಪು ‘ಜನಪದ’ವೆಂದು ಅಲನ್ ಡಂಡೆಸ್ ನೀಡಿದ ವಿಶಾಲ ವ್ಯಾಖ್ಯೆಯನ್ನು ಒಪ್ಪಿದರೆ ಗಮನವು ಹುಟ್ಟಿನಿಂದ ಬಳಕೆಯ ಕಡೆಗೆ ಹೊರಳುತ್ತದೆ. ಕಥೆಯನ್ನು ಯಾರು ಬರೆದರು ಎಂಬುದರಷ್ಟೇ ಯಾರು ಉಳಿಸಿಕೊಂಡರು, ಯಾವ ಸಂದರ್ಭದಲ್ಲಿ ಹಾಡಿದರು, ಮಕ್ಕಳಿಗೆ ಹೇಗೆ ದಾಟಿಸಿದರು ಎಂಬುದೂ ಮುಖ್ಯವಾಗುತ್ತದೆ. ‘ದ ವಿಜ್’ ನಾಟಕದ ಹಾಡುಗಳು ರಂಗಮಂದಿರದಿಂದ ಹೊರಬಂದು ಶಾಲೆಗಳ ವೇದಿಕೆಗಳಿಗೆ, ಮನೆಗಳ ಸಮಾರಂಭಗಳಿಗೆ ಹೋದವು. ಬಂಡವಾಳದ ಸರಕು ಸಮುದಾಯದ ಸೊತ್ತಾಗಲು ಇದು ಹಾದಿ.

ಇದಕ್ಕೆ ಪ್ರತಿಯಾದ ನಿದರ್ಶನವೂ ಇದೇ ಪರಂಪರೆಯಲ್ಲಿದೆ. 1978ರಲ್ಲಿ ಸಿಡ್ನಿ ಲುಮೆಟ್ ನಿರ್ದೇಶನದಲ್ಲಿ ಈ ನಾಟಕ ಚಲನಚಿತ್ರವಾಯಿತು. ಡೊರೊಥಿಯು ನ್ಯೂಯಾರ್ಕಿನ ಹಾರ್ಲೆಮ್ ಪ್ರದೇಶದ 24 ವರ್ಷದ ಶಿಕ್ಷಕಿಯಾದಳು. ಆ ಪಾತ್ರವನ್ನು ಡಯಾನಾ ರಾಸ್, ಬೆದರುಬೊಂಬೆಯ ಪಾತ್ರವನ್ನು ಮೈಕೆಲ್ ಜಾಕ್ಸನ್ ವಹಿಸಿದರು. ಭಾರಿ ವೆಚ್ಚದ ಆ ಚಿತ್ರ ಬಿಡುಗಡೆಯ ಕಾಲದಲ್ಲಿ ಸೋತಿತು. ದೇಹ ಮತ್ತು ಬಟ್ಟೆಯಿಂದ ಕಟ್ಟಿದ್ದ ಲೋಕದ ಜಾಗಕ್ಕೆ ನಿಜವಾದ ನಗರ ಬಂದಾಗ ಪ್ರೇಕ್ಷಕನ ಕಲ್ಪನೆಗೆ ಉಳಿದ ಪಾಲು ಕಡಿಮೆಯಾದದ್ದು ಇದಕ್ಕೆ ಒಂದು ಕಾರಣವೆಂದು ಭಾವಿಸಬಹುದು. ಆದರೂ ಅದನ್ನು ಮನೆಯಲ್ಲಿ ಮತ್ತೆ ಮತ್ತೆ ನೋಡಿ ಬೆಳೆದ ಮುಂದಿನ ಪೀಳಿಗೆಯು ಆ ಚಿತ್ರವನ್ನೂ ತನ್ನದಾಗಿಸಿಕೊಂಡಿತು.

ಓಜ್ ಕಥೆಯ ಬೆಳವಣಿಗೆ ಅಲ್ಲಿಗೆ ನಿಲ್ಲಲಿಲ್ಲ. ಗ್ರೆಗರಿ ಮ್ಯಾಗ್ವಾಯರ್ ಅವರ 1995ರ ಕಾದಂಬರಿಯನ್ನು ಆಧರಿಸಿ 2003ರಲ್ಲಿ ಬ್ರಾಡ್‌ವೇಗೆ ಬಂದ ‘ವಿಕೆಡ್’ ಸಂಗೀತ ನಾಟಕವು ಪಶ್ಚಿಮದ ಮಾಟಗಾತಿಯನ್ನೇ ಕೇಂದ್ರದಲ್ಲಿರಿಸಿ ಕಥೆಯನ್ನು ಹೇಳಿತು. ಖಳಳೆಂದು ಹೆಸರಾದವಳಿಗೂ ಒಂದು ಬಾಲ್ಯವಿತ್ತು, ಹಸಿರು ಮೈಬಣ್ಣದ ಕಾರಣಕ್ಕೆ ಅವಮಾನವಿತ್ತು ಎನ್ನುವ ಈ ಪ್ರತಿಕಥನವು ಪರಂಪರೆ ಪ್ರಬುದ್ಧವಾಗಿರುವುದರ ಗುರುತು. ಒಂದು ಕಥೆ ತನ್ನ ವಿರುದ್ಧವೇ ಮಾತನಾಡಬಲ್ಲಷ್ಟು ಜನಜನಿತವಾದಾಗ ಮಾತ್ರ ಪ್ರತಿಕಥನ ಹುಟ್ಟುತ್ತದೆ.

9

ಈ ಚರ್ಚೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಮುದ್ರಣವು ಕಥೆಯನ್ನು ಸ್ಥಿರಗೊಳಿಸುತ್ತದೆ ಎಂಬುದು ಅರ್ಧಸತ್ಯ. ರಂಗವನ್ನೇರಿದ ಕಥೆಯು ಮತ್ತೆ ಮೌಖಿಕತೆಯ ಗುಣಗಳನ್ನು ಪಡೆದುಕೊಳ್ಳುತ್ತದೆ, ಅದರ ಬದಲಾವಣೆಗಳು ಮರಳಿ ಮುದ್ರಣವನ್ನೂ ತಿದ್ದುತ್ತವೆ. ರೂಪಾಂತರದ ಮೌಲ್ಯವನ್ನು ಮೂಲನಿಷ್ಠೆಯಿಂದ ಅಳೆಯುವುದು ಸಾಲದು. 1902ರ ನಾಟಕವು ಬಾಮ್ ಅವರ ಸಹಭಾಗಿತ್ವದಲ್ಲಿಯೇ ತಯಾರಾದರೂ ಪುಸ್ತಕದಿಂದ ಬಹುದೂರ ಹೋಯಿತು. 1975ರ ನಾಟಕವು ಪುಸ್ತಕದ ಕಥಾನಕಕ್ಕೆ ಹೆಚ್ಚು ನಿಷ್ಠವಾಗಿಯೇ ಉಳಿದು ಅದರ ಅರ್ಥವನ್ನು ಹೊಸದಾಗಿ ಕಟ್ಟಿತು.

ಕನ್ನಡದ ಸಂದರ್ಭಕ್ಕೂ ಈ ಮಾತು ಹೊರತಲ್ಲ. ಜರ್ಮನಿಯ ಹ್ಯಾಮ್ಲಿನ್ ಐತಿಹ್ಯವು ಬ್ರೌನಿಂಗ್ ಕವಿಯ ಮೂಲಕ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಗಿ, ಅಲ್ಲಿಂದ ಮಕ್ಕಳ ರಂಗಭೂಮಿಗೆ ಹಾಡು ಕುಣಿತಗಳೊಂದಿಗೆ ಹರಿದುಬಂದಿದೆ. ಅನ್ಯದೇಶದ ಕೊಳಲುಗಾರನು ಕಿಂದರಿ ಹಿಡಿದ ಜೋಗಿಯಾದ ಕ್ಷಣದಲ್ಲಿ ಆ ಕಥೆ ಕನ್ನಡದ್ದಾಯಿತು. ಇಂಥ ಕಥೆಗಳ ಅಧ್ಯಯನವು ಪುಸ್ತಕಗಳ ಹೋಲಿಕೆಗೆ ಸೀಮಿತವಾಗದೆ, ಊರೂರಿನ ಶಾಲಾ ರಂಗಗಳ ಮೇಲೆ ನಡೆದ ಪ್ರದರ್ಶನಗಳು, ಅಲ್ಲಿ ಸೇರಿದ ಸ್ಥಳೀಯ ಧಾಟಿಗಳು, ಮಕ್ಕಳು ತಾವೇ ಜೋಡಿಸಿದ ಮಾತುಗಳು ಇವುಗಳ ದಾಖಲಾತಿಯನ್ನೂ ಒಳಗೊಳ್ಳಬೇಕಾಗಿದೆ. ಕಾಗದಕ್ಕೆ ಇಳಿಯದ ಈ ಪಾಠಗಳು ಆಡಿದವರೊಂದಿಗೆ ಅಳಿದುಹೋಗುತ್ತವೆ.

2015ರ ಡಿಸೆಂಬರ್‌ನಲ್ಲಿ ‘ದ ವಿಜ್’ ನಾಟಕವನ್ನು ಅಮೆರಿಕದ ದೂರದರ್ಶನದಲ್ಲಿ ನೇರ ಪ್ರಸಾರ ಮಾಡಲಾಯಿತು. ಡೊರೊಥಿಯಾಗಿ ಶನೀಸ್ ವಿಲಿಯಮ್ಸ್ ಎಂಬ ಹೊಸ ನಟಿ ಬಂದರು. ಅವಳನ್ನು ಮನೆಯಲ್ಲಿ ಕಾಯುವ ಎಮ್ ಚಿಕ್ಕಮ್ಮನ ಪಾತ್ರದಲ್ಲಿ ಇದ್ದವರು ನಲವತ್ತು ವರ್ಷಗಳ ಹಿಂದೆ ಡೊರೊಥಿಯಾಗಿದ್ದ ಸ್ಟೆಫನಿ ಮಿಲ್ಸ್. 2024ರಲ್ಲಿ ನಾಟಕವು ಮತ್ತೊಮ್ಮೆ ಬ್ರಾಡ್‌ವೇಗೆ ಮರಳಿ, ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಪ್ರದರ್ಶನಗೊಂಡಿತು. ಮನೆಯನ್ನು ಹುಡುಕಿ ಹೊರಟಿದ್ದ ಬಾಲಕಿಯೇ ಮುಂದಿನ ಪೀಳಿಗೆಯ ಬಾಲಕಿಗೆ ಮನೆಯಾದಳು. ಜನಪದ ಅಧ್ಯಯನವು ಪರಂಪರೆ ಎಂದು ಕರೆಯುವುದು ಈ ಹಸ್ತಾಂತರವನ್ನೇ.